ಕನಕಪುರದಲ್ಲಿ ಬಿದ್ದ ಚುಕ್ಕೆ

ಬೆಂಗಳೂರಿನ ನಡುಭಾಗದಲ್ಲೊಂದು ಕೊಳವೆಬಾವಿ ಇದೆ ಅಂದುಕೊಳ್ಳಿ. ಅಕ್ಷಾಂಶ 12 ಡಿಗ್ರಿ 58 ನಿಮಿಷ, ರೇಖಾಂಶ 77 ಡಿಗ್ರಿ 35 ನಿಮಿಷ. ಇದನ್ನು ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಮುಕ್ತ ತಂತ್ರಾಂಶದಲ್ಲಿ ನಕ್ಷೆಯ ಮೇಲೆ ಕೂರಿಸಲು ಹೊರಟ ಹೊಸಬರು ಸಾಮಾನ್ಯವಾಗಿ ಮೂರು ಕಡೆ ಎಡವುತ್ತಾರೆ.

ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಕಡತ ತೆರೆಯುವಾಗ ಎಕ್ಸ್ ಜಾಗಕ್ಕೆ ಅಕ್ಷಾಂಶ, ವೈ ಜಾಗಕ್ಕೆ ರೇಖಾಂಶ ಎಂದು ಅದಲುಬದಲಾಗಿ ಕೊಟ್ಟರೆ ಬಾವಿ ನೇರವಾಗಿ ಉತ್ತರ ಧ್ರುವದ ದಾರಿಯಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಡಿಗ್ರಿಯಲ್ಲಿರುವ ಅಂಕಿಗಳಿಗೆ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ ವಲಯ 43ರ ಹಣೆಪಟ್ಟಿ ಹಚ್ಚಿದರೆ ಬಾವಿ ಭೂಮಧ್ಯರೇಖೆಯ ಮೇಲೆ, ಮಾಲ್ಡೀವ್ಸ್‌ನ ಪಶ್ಚಿಮಕ್ಕೆ ಹಿಂದೂ ಮಹಾಸಾಗರದಲ್ಲಿ ಸಿಗುತ್ತದೆ. ಮೂರನೆಯದು, 12 ಡಿಗ್ರಿ 58 ನಿಮಿಷವನ್ನು 12.58 ಅಂತಲೂ 77 ಡಿಗ್ರಿ 35 ನಿಮಿಷವನ್ನು 77.35 ಅಂತಲೂ ಬರೆದುಕೊಳ್ಳುವುದು. ನಿಜವಾದ ದಶಮಾಂಶ 12.967 ಮತ್ತು 77.583. ಹಾಗಾಗಿ ಬಾವಿ ದಕ್ಷಿಣಕ್ಕೆ ಸುಮಾರು 43 ಕಿಲೋಮೀಟರ್, ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ಸರಿದು ಕನಕಪುರದ ಆಸುಪಾಸಿನಲ್ಲಿ ಬೀಳುತ್ತದೆ.

ಮೂರರಲ್ಲಿ ಯಾವುದಕ್ಕೂ ತಂತ್ರಾಂಶ ಕೆಂಪು ಅಕ್ಷರದಲ್ಲಿ ತಕರಾರು ತೆಗೆಯುವುದಿಲ್ಲ. ಆದರೆ ಮೊದಲ ಎರಡನ್ನು ನೋಡಿದವರು ನಗುತ್ತಾರೆ, ಹಿಂದಿರುಗಿ ಸರಿಮಾಡುತ್ತಾರೆ. ಕನಕಪುರದ ಚುಕ್ಕೆ ನೋಡಿ ಯಾರೂ ನಗುವುದಿಲ್ಲ. ಅಲ್ಲೂ ಕೊಳವೆಬಾವಿಗಳಿವೆ. ನಕ್ಷೆ ಅಚ್ಚುಕಟ್ಟಾಗಿ ಕಾಣುತ್ತದೆ, ವರದಿಗೆ ಹೋಗುತ್ತದೆ.

ವೈಜ್ಞಾನಿಕ ತಂತ್ರಾಂಶ ಕಲಿಸುವವರು ಈ ಮೂರು ತಪ್ಪುಗಳನ್ನು ಎದುರಿಗಿಟ್ಟುಕೊಂಡು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಲ್ಲಿ ಯಾವುದನ್ನು ವಿಡಿಯೊ ನೋಡಿ ಮನೆಯಲ್ಲೇ ಕಲಿಯಬಹುದು, ಯಾವುದಕ್ಕೆ ಜನ ಒಂದೇ ಕೋಣೆಯಲ್ಲಿ ಕೂತುಕೊಳ್ಳಬೇಕು? ಮಿಶ್ರ ಕಲಿಕೆ, ಅಂದರೆ ಎಲ್ಲರೂ ಬ್ಲೆಂಡೆಡ್ ಲರ್ನಿಂಗ್ ಅಂತ ಕರೆಯುವ ವ್ಯವಸ್ಥೆಯ ಮರ್ಮವೆಲ್ಲ ಇರುವುದು ಈ ಹಂಚಿಕೆಯಲ್ಲೇ. ಮತ್ತು ಹೆಚ್ಚಿನ ಕಡೆ ಹಂಚಿಕೆ ತಲೆಕೆಳಗಾಗಿದೆ.

ರೂಢಿಯ ಹಂಚಿಕೆ ಎಲ್ಲರಿಗೂ ಗೊತ್ತಿರುವಂಥದ್ದು. ‘ಥಿಯರಿ’ ಮನೆಗೆ, ‘ಪ್ರಾಕ್ಟಿಕಲ್’ ತರಗತಿಗೆ. ಮನೆಗೆ ಎಂದರೆ ಎರಡು ಗಂಟೆಯ ಆನ್‌ಲೈನ್ ಉಪನ್ಯಾಸದ ರೆಕಾರ್ಡಿಂಗ್, ಜೊತೆಗೆ ಅರವತ್ತು ಸ್ಲೈಡುಗಳ ಪಿಡಿಎಫ್. ತರಗತಿ ಎಂದರೆ ಪ್ರೊಜೆಕ್ಟರ್‌ನಲ್ಲಿ ಒಬ್ಬರು ಗುಂಡಿ ಒತ್ತುತ್ತಾರೆ, ನಲವತ್ತು ಜನ ಹಿಂದೆ ಹಿಂದೆ ಒತ್ತುತ್ತಾರೆ. ಮೂರನೇ ಗುಂಡಿಗೆ ಹತ್ತು ಜನ ಹಿಂದುಳಿಯುತ್ತಾರೆ. ಅವರಿಗಾಗಿ ಮೂವತ್ತು ಜನ ಕಾಯುತ್ತಾರೆ. ಗುಂಡಿ ಎಲ್ಲಿದೆ ಎಂದು ತೋರಿಸುವ ಕೆಲಸಕ್ಕೆ ವಿಡಿಯೊಗಿಂತ ಒಳ್ಳೆಯ ಸಾಧನವಿಲ್ಲ. ಬೇಕಾದಷ್ಟು ಸಲ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ನಾಚಿಕೆಪಡಬೇಕಾಗಿಲ್ಲ. ಆ ಕೆಲಸವನ್ನು ತರಗತಿಗೆ ತಂದು, ತರಗತಿಯಲ್ಲಿ ಆಗಬೇಕಾದ ಕೆಲಸವನ್ನು ಸ್ಲೈಡಿಗೆ ತುಂಬಿ ಮನೆಗೆ ಕಳಿಸುತ್ತೇವೆ. ಹಣೆಪಟ್ಟಿ ಸರಿಯಾಗಿ ಹಚ್ಚುವುದು ಹೇಗೆ ಎಂಬುದು ಮನೆಪಾಠ. ಹಣೆಪಟ್ಟಿ ಸರಿಯಾಗಿದ್ದೂ ಒಳಗಿನ ಸರಕು ತಪ್ಪಾಗಿರಬಹುದು ಎಂಬ ಅನುಮಾನ ಹುಟ್ಟಬೇಕಾದದ್ದು ತರಗತಿಯಲ್ಲಿ.

ಮನೆಯ ಭಾಗಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಸೈಲ್ಯಾಬ್, ಪೈಥಾನ್, ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳಿಗೆ ಸುಮಾರು ಹತ್ತು ನಿಮಿಷದ ತುಣುಕುಗಳನ್ನು ಮಾಡುತ್ತ ಬಂದಿದೆ. ಮೊದಲು ಪ್ರತಿ ಮಾತನ್ನೂ ಬರೆದುಕೊಳ್ಳುತ್ತಾರೆ. ರೆಕಾರ್ಡ್ ಮಾಡುವ ಮುಂಚೆ ಆ ಬರಹವನ್ನು ತಂತ್ರಾಂಶ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಅದನ್ನಷ್ಟೇ ನೆಚ್ಚಿಕೊಂಡು ಕೆಲಸ ಮಾಡಲು ಹೇಳುತ್ತಾರೆ. ಅವರು ಸಿಕ್ಕಿಹಾಕಿಕೊಂಡ ಜಾಗದಲ್ಲಿ ಬರಹ ತಿದ್ದುತ್ತಾರೆ. ಆಮೇಲೆ ಅದೇ ದೃಶ್ಯಕ್ಕೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿ ಕೂರಿಸುತ್ತಾರೆ. ಪರದೆ ಇಂಗ್ಲಿಷಿನದೇ, ಮಾತು ಮಾತ್ರ ನಮ್ಮದು. ಇದು ಅರ್ಧಂಬರ್ಧ ಕನ್ನಡವಲ್ಲವೇ ಎಂದು ಕೆಲವರಿಗೆ ಅನಿಸಬಹುದು. ನನ್ನ ಮಟ್ಟಿಗೆ ಇದೇ ಸರಿ. ಕಲಿಯುವವರು ನಾಳೆ ಕಚೇರಿಯಲ್ಲಿ ನೋಡುವ ಪರದೆಯಲ್ಲಿ ‘ಲೇಯರ್’ ಎಂದೇ ಇರುತ್ತದೆ. ಅದನ್ನು ಪದರ, ಸ್ತರ, ಹಾಸು ಎಂದೆಲ್ಲ ಅನುವಾದಿಸಿ ಮೆನುವಿನಲ್ಲಿ ಇಲ್ಲದ ಪದವನ್ನು ಹುಡುಕಲು ಹಚ್ಚುವುದು ಉಪಕಾರವಲ್ಲ. ಗುಂಡಿಯ ಹೆಸರು ಇದ್ದ ಹಾಗೆ ಇರಲಿ. ಅದು ಏನು ಮಾಡುತ್ತದೆ, ಯಾಕೆ ಮಾಡುತ್ತದೆ ಎಂಬುದು ಕನ್ನಡದಲ್ಲಿ ಬರಲಿ.

ಈ ತುಣುಕುಗಳನ್ನು ಬರೀ ನೋಡುವುದಲ್ಲ. ಪರದೆಯ ಒಂದು ಪಕ್ಕದಲ್ಲಿ ವಿಡಿಯೊ, ಇನ್ನೊಂದು ಪಕ್ಕದಲ್ಲಿ ತಂತ್ರಾಂಶ. ಅಲ್ಲೊಂದು ಹೆಜ್ಜೆ, ಇಲ್ಲೊಂದು ಹೆಜ್ಜೆ. ಹೀಗೆ ಮಾಡಿದಾಗ ಹತ್ತು ನಿಮಿಷದ ತುಣುಕು ಅರ್ಧ ಗಂಟೆ ಹಿಡಿಯುತ್ತದೆ. ತರಬೇತಿ ರೂಪಿಸುವವರು ಸದಾ ಸೋಲುವುದು ಈ ಲೆಕ್ಕದಲ್ಲಿ. ಹನ್ನೆರಡು ತುಣುಕು, ಒಟ್ಟು ಎರಡು ಗಂಟೆ, ಒಂದು ಸಂಜೆಯ ಕೆಲಸ ಎಂದು ಬರೆದುಬಿಡುತ್ತಾರೆ. ನಿಜದಲ್ಲಿ ಅದು ಆರು ಗಂಟೆ. ದಿನಕ್ಕೊಂದು ಗಂಟೆ ಸಿಗುವ ಸಂಶೋಧನಾ ವಿದ್ಯಾರ್ಥಿಗೆ ಒಂದು ವಾರ. ಲೆಕ್ಕ ತಪ್ಪಿದರೆ ಅರ್ಧ ಜನ ಅರ್ಧ ನೋಡಿ ಬರುತ್ತಾರೆ, ತರಗತಿಯ ಮೊದಲ ಗಂಟೆ ಅವರನ್ನು ಎಳೆದುಕೊಂಡು ಬರುವುದರಲ್ಲೇ ಮುಗಿಯುತ್ತದೆ. ಇನ್ನೊಂದು ತುದಿಯಲ್ಲಿ, ವಿಡಿಯೊಗೂ ತರಗತಿಗೂ ಮೂರು ವಾರದ ಅಂತರ ಬಿಟ್ಟರೆ ಕಲಿತದ್ದು ಆವಿಯಾಗಿರುತ್ತದೆ. ವಾರದೊಳಗೆ ತರಗತಿ ನಡೆಯಬೇಕು.

ಸ್ವಂತ ತುಣುಕು ಮಾಡುವವರಿಗೆ ಒಂದೆರಡು ಮಾತು. ‘ಇಲ್ಲಿ ಕ್ಲಿಕ್ ಮಾಡಿ’ ಎನ್ನಬೇಡಿ. ಮೊಬೈಲಿನ ಐದಿಂಚು ಪರದೆಯಲ್ಲಿ ನೋಡುವವರಿಗೆ ‘ಇಲ್ಲಿ’ ಎಂಬುದು ಎಲ್ಲಿಯೂ ಇಲ್ಲ. ಲೇಯರ್ ಮೆನು, ಆಡ್ ಲೇಯರ್, ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್ ಎಂದು ಪೂರ್ತಿ ಹೆಸರು ಹೇಳಿ. ಒಂದು ತುಣುಕಿಗೆ ಒಂದೇ ಕೆಲಸ ಇರಲಿ. ಕ್ಯೂಜಿಐಎಸ್ ನಾಲ್ಕು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುವ ತಂತ್ರಾಂಶ, 2018ರಲ್ಲಿ 3.0 ಬಂದಾಗ ಹಳೆಯ ಪಾಠಗಳಲ್ಲಿ ಎಷ್ಟೋ ಹಾಳಾದವು. ಹತ್ತು ನಿಮಿಷದ ತುಣುಕಾದರೆ ಅದೊಂದನ್ನು ಬದಲಿಸಬಹುದು, ಎರಡು ಗಂಟೆಯ ರೆಕಾರ್ಡಿಂಗ್ ಆದರೆ ಹೊಸದಾಗಿ ಕೂರಬೇಕು. ಮತ್ತು ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಹಿಡಿಯಿರಿ. ಎಲ್ಲರ ಯಂತ್ರದಲ್ಲೂ ಅದೇ ಆವೃತ್ತಿ ಇರಬೇಕು, ಕಲಿಸುವವರ ಯಂತ್ರದಲ್ಲೂ.

ಅನುಸ್ಥಾಪನೆ, ಅಂದರೆ ಇನ್‌ಸ್ಟಾಲ್ ಮಾಡುವ ಕೆಲಸ, ತರಗತಿಯ ದಿನಕ್ಕೆ ಬರಲೇಬಾರದು. ಸುಮಾರು ಒಂದು ಜಿಬಿ ತೂಗುವ ಕಡತವನ್ನು ಮೂವತ್ತು ಜನ ಒಟ್ಟಿಗೆ ಕಾಲೇಜಿನ ವೈಫೈನಲ್ಲಿ ಇಳಿಸಲು ಕೂತರೆ ಬೆಳಗಿನ ಹೊತ್ತು ಹೋಯಿತು. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಬೇರೆ ಯಾರದೋ ಹತ್ತಿರ ಇರುತ್ತದೆ, ಅವರು ಆ ದಿನ ರಜೆಯಲ್ಲಿರುತ್ತಾರೆ. ಉಪಾಯ ಸರಳ: ಕೊಟ್ಟ ಒಂದು ಪ್ರಾಜೆಕ್ಟ್ ಕಡತವನ್ನು ಕ್ಯೂಜಿಐಎಸ್‌ನಲ್ಲಿ ತೆರೆದು ಅದರ ಸ್ಕ್ರೀನ್‌ಶಾಟ್ ಕಳಿಸಿದವರಿಗೇ ಪ್ರವೇಶ. ಸ್ಕ್ರೀನ್‌ಶಾಟಿನಲ್ಲಿ ನಕ್ಷೆ ಖಾಲಿ ಇದ್ದರೆ ಕಾರಣ ಬಹುಪಾಲು ಒಂದೇ, ಜಿಪ್ ಕಡತವನ್ನು ಬಿಚ್ಚದೆ ಒಳಗಿಂದ ಒಂದೇ ಕಡತ ಎಳೆದುಕೊಂಡಿರುತ್ತಾರೆ. ನಕ್ಷೆಯ ಆಕಾರಗಳನ್ನು ಹಿಡಿದಿಡುವ ಶೇಪ್‌ಫೈಲ್ ಎಂಬುದು ಹೆಸರಿಗೆ ಒಂದು ಫೈಲ್. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂರೂ ಒಟ್ಟಿಗೆ ಇರಲೇಬೇಕು, ಜೊತೆಗೆ ನಿರ್ದೇಶಾಂಕ ವ್ಯವಸ್ಥೆ (ಜಾಗದ ಅಂಕಿಗಳು ಯಾವ ಲೆಕ್ಕದಲ್ಲಿವೆ ಎಂಬುದು) ಹೇಳುವ ಪಿಆರ್‌ಜೆ, ಅಕ್ಷರಸಂಕೇತ ಹೇಳುವ ಸಿಪಿಜಿ. ಇಷ್ಟನ್ನು ಮೊದಲೇ ಫೋನಿನಲ್ಲಿ ಬಗೆಹರಿಸಿಕೊಂಡರೆ ತರಗತಿಗೆ ಉಸಿರು ಸಿಗುತ್ತದೆ.

ಸರಿ, ತರಗತಿ. ಇಲ್ಲಿ ಸಾಫ್ಟ್‌ವೇರ್ ಕಾರ್ಪೆಂಟ್ರಿಯವರಿಂದ ಕದಿಯಬೇಕಾದದ್ದು ಬಹಳ ಇದೆ. 1998ರಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ಅಮೆರಿಕದ ಲಾಸ್ ಅಲಾಮೊಸ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳಿಗೆ ಶುರುಮಾಡಿದ ಪಾಠಕ್ರಮ ಅದು; ಈಗ ಎರಡು ದಿನದ ಕಾರ್ಯಾಗಾರಗಳಾಗಿ ಲೋಕವೆಲ್ಲ ಹಬ್ಬಿದೆ. ಅವರ ತರಗತಿಯಲ್ಲಿ ಸ್ಲೈಡ್ ಇಲ್ಲ. ಕಲಿಸುವವರು ಎಲ್ಲರೆದುರಿಗೆ ಟೈಪ್ ಮಾಡುತ್ತಾರೆ, ತಪ್ಪುತ್ತಾರೆ, ತಿದ್ದಿಕೊಳ್ಳುತ್ತಾರೆ. ಪ್ರತಿಯೊಬ್ಬರ ಹತ್ತಿರವೂ ಎರಡು ಬಣ್ಣದ ಅಂಟುಚೀಟಿ: ಕೆಲಸ ಮುಗಿದರೆ ಒಂದು ಬಣ್ಣ (ಹಸಿರು ಎನ್ನೋಣ), ಸಿಕ್ಕಿಹಾಕಿಕೊಂಡರೆ ಇನ್ನೊಂದು, ಲ್ಯಾಪ್‌ಟಾಪಿನ ಬೆನ್ನಿಗೆ. ಕೈ ಎತ್ತಿ ‘ನನಗೆ ಬರ್ತಿಲ್ಲ’ ಎನ್ನಲು ಹಿಂಜರಿಯುವ ನಮ್ಮ ಕಡೆಯ ತರಗತಿಗೆ ಇದು ಹೇಳಿ ಮಾಡಿಸಿದ ಉಪಾಯ. ಹಿರಿಯ ಪ್ರಾಧ್ಯಾಪಕರೂ ಅವರ ವಿದ್ಯಾರ್ಥಿಯೂ ಅಕ್ಕಪಕ್ಕ ಕೂತಿರುವಾಗ ಬಾಯಿ ತೆರೆಯದವರೂ ಚೀಟಿ ಅಂಟಿಸುತ್ತಾರೆ. ಇಪ್ಪತ್ತೈದು ಜನಕ್ಕೆ ಕಲಿಸುವವರಲ್ಲದೆ ಮೂವರು ಸಹಾಯಕರು ಬೇಕು. ಸಹಾಯಕರಿಗೆ ಒಂದೇ ಕಟ್ಟುನಿಟ್ಟು: ಕಲಿಯುವವರ ಮೌಸ್ ಮುಟ್ಟುವಂತಿಲ್ಲ. ಮುಟ್ಟಿದರೆ ಸಮಸ್ಯೆ ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ, ಕಲಿಕೆಯೂ ಅದರ ಜೊತೆಗೇ ಹೋಗುತ್ತದೆ.

ಆದರೆ ಚೀಟಿ, ಸಹಾಯಕರು ಎಲ್ಲ ಸಲಕರಣೆ ಮಾತ್ರ. ಮುಖ್ಯ ಪ್ರಶ್ನೆ, ತರಗತಿಯಲ್ಲಿ ಏನು ಮಾಡಿಸುತ್ತೀರಿ ಎಂಬುದು. ಒಂದೇ ಒಂದು ಅಭ್ಯಾಸವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದಕ್ಕಿಂತ ಒಳ್ಳೆಯ ತೊಂಬತ್ತು ನಿಮಿಷ ನನಗೆ ಗೊತ್ತಿಲ್ಲ.

2011ರ ಜನಗಣತಿಯ ಕರ್ನಾಟಕ ಜಿಲ್ಲೆಗಳ ಗಡಿ ನಕ್ಷೆ ಕೊಡಿ. ಮೂವತ್ತು ಜಿಲ್ಲೆ, ಹೆಸರುಗಳು ಇಂಗ್ಲಿಷಿನಲ್ಲಿ. ಜೊತೆಗೆ 2022ರ ಆಸುಪಾಸಿನ ಯಾವುದಾದರೂ ಜಿಲ್ಲಾವಾರು ಪಟ್ಟಿ ಕೊಡಿ, ಶಾಲೆಗಳ ಸಂಖ್ಯೆಯೋ ಕೊಳವೆಬಾವಿಗಳ ಸಂಖ್ಯೆಯೋ, ಮೂವತ್ತೊಂದು ಸಾಲಿನದು. ಲೇಯರ್ ಪ್ರಾಪರ್ಟೀಸ್‌ನ ಜಾಯಿನ್ಸ್ ಪುಟದಲ್ಲಿ ಜಿಲ್ಲೆಯ ಹೆಸರಿನ ಮೂಲಕ ಎರಡನ್ನೂ ಜೋಡಿಸಿ, ಸಂಖ್ಯೆಗೆ ತಕ್ಕಂತೆ ಬಣ್ಣ ಹಾಕುವುದು ಕೆಲಸ. ಹೇಗೆ ಜೋಡಿಸುವುದೆಂದು ಎಲ್ಲರೂ ಮನೆಯಲ್ಲಿ ನೋಡಿ ಬಂದಿದ್ದಾರೆ. ಗುಂಡಿ ಒತ್ತುವ ಮುಂಚೆ ಚೀಟಿಯಲ್ಲಿ ಬರೆಯಲು ಹೇಳಿ: ಎಷ್ಟು ಜಿಲ್ಲೆಗೆ ಬಣ್ಣ ಬರುತ್ತದೆ? ಬಹುತೇಕ ಎಲ್ಲರೂ 30 ಎಂದು ಬರೆಯುತ್ತಾರೆ, ಕೆಲವರು 31.

ಉಳಿದ ಹೆಸರುಗಳ ಕಾಗುಣಿತ ಎರಡೂ ಕಡೆ ಒಂದೇ ಇದ್ದರೂ ಬರುವುದು ಇಪ್ಪತ್ತಕ್ಕೆ ಮಾತ್ರ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾಯಿತಲ್ಲ, ಅದರ ಬಿಸಿ ಇಲ್ಲಿ ತಟ್ಟುತ್ತದೆ. ನಕ್ಷೆಯಲ್ಲಿ ಬೆಲ್ಗಾಂ, ಬಿಜಾಪುರ್, ಗುಲ್ಬರ್ಗ, ಬೆಲ್ಲಾರಿ, ಶಿಮೊಗ, ಚಿಕ್‌ಮಗಳೂರ್, ತುಮ್ಕೂರ್, ಮೈಸೂರ್, ಬ್ಯಾಂಗಲೋರ್, ಬ್ಯಾಂಗಲೋರ್ ರೂರಲ್. ಪಟ್ಟಿಯಲ್ಲಿ ಎಲ್ಲವೂ ಹೊಸ ಕಾಗುಣಿತ. ಹತ್ತು ಜಿಲ್ಲೆ ಬಿಳಿ. ಈ ಜೋಡಣೆ ಎಷ್ಟು ಹೊಂದಿಕೆಯಾಯಿತು, ಎಷ್ಟು ಆಗಲಿಲ್ಲ ಎಂದು ತುಟಿ ಬಿಚ್ಚುವುದಿಲ್ಲ; ಹೊಂದದ ಜಾಗದಲ್ಲಿ ಸುಮ್ಮನೆ ‘ನಲ್’, ಅಂದರೆ ಖಾಲಿ, ಎಂದು ಬರೆದು ಕೂರುತ್ತದೆ. ಅದೇ ಕೆಲಸವನ್ನು ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ಜಾಯಿನ್ ಆಟ್ರಿಬ್ಯೂಟ್ಸ್ ಬೈ ಫೀಲ್ಡ್ ವ್ಯಾಲ್ಯೂ ಮೂಲಕ ಮಾಡಿಸಿದರೆ ಎಷ್ಟು ಹೊಂದಲಿಲ್ಲ ಎಂಬ ಲೆಕ್ಕವನ್ನು ಹೇಳುತ್ತದೆ, ಹೊಂದದವನ್ನು ಬೇರೆ ಲೇಯರ್ ಆಗಿಯೂ ಕೊಡುತ್ತದೆ. ಮಾತಾಡುವ ಸಾಧನ, ಮಾತಾಡದ ಸಾಧನ ಎರಡೂ ಒಂದೇ ತಂತ್ರಾಂಶದಲ್ಲಿವೆ ಎಂಬುದನ್ನು ತೋರಿಸಲು ಇದೇ ಹೊತ್ತು.

ಇಲ್ಲಿಗೆ ಇಪ್ಪತ್ತೈದು ನಿಮಿಷ. ಈಗ ಎಲ್ಲರೂ ಹೆಸರು ತಿದ್ದಲು ಕೂರುತ್ತಾರೆ. ತಿದ್ದಲಿ. ಹತ್ತೂ ಹೆಸರು ಸರಿಹೋದ ಮೇಲೆ ಮೂವತ್ತಕ್ಕೆ ಮೂವತ್ತೂ ಬಣ್ಣ ತುಂಬಿಕೊಳ್ಳುತ್ತವೆ. ಕೋಣೆಯಲ್ಲಿ ಸಮಾಧಾನದ ನಿಟ್ಟುಸಿರು. ಹಸಿರು ಚೀಟಿಗಳು ಏಳುತ್ತವೆ.

ಕಲಿಸುವವರು ಈಗ ಕೇಳಬೇಕಾದ್ದು ಒಂದೇ: ಪಟ್ಟಿಯಲ್ಲಿ ಮೂವತ್ತೊಂದು ಸಾಲಿತ್ತು, ಇನ್ನೊಂದು ಎಲ್ಲಿ ಹೋಯಿತು?

ವಿಜಯನಗರ. 2021ರಲ್ಲಿ ಬಳ್ಳಾರಿಯಿಂದ ಒಡೆದ ಜಿಲ್ಲೆ. 2011ರ ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ, ಹಾಗಾಗಿ ಅದರ ಸಾಲು ಸದ್ದಿಲ್ಲದೆ ಬಿದ್ದುಹೋಗಿದೆ. ಅದಕ್ಕಿಂತ ಕೆಟ್ಟದ್ದು, ಈಗಿನ ಸಣ್ಣ ಬಳ್ಳಾರಿಯ ಸಂಖ್ಯೆ ಹಳೆಯ ದೊಡ್ಡ ಬಳ್ಳಾರಿಯ ಗಡಿಯೊಳಗೆ ಬಣ್ಣವಾಗಿ ಕೂತಿದೆ. ನಕ್ಷೆ ತುಂಬಿದೆ, ನಕ್ಷೆ ತಪ್ಪಿದೆ. ಬಿಳಿ ಜಿಲ್ಲೆಗಳಿದ್ದಾಗಲೇ ವಾಸಿಯಾಗಿತ್ತು.

ಜಾಣರು ಯಾರಾದರೂ ‘ಬಳ್ಳಾರಿ, ವಿಜಯನಗರ ಎರಡರ ಸಂಖ್ಯೆ ಕೂಡಿದರೆ ಆಯಿತಲ್ಲ’ ಎನ್ನುತ್ತಾರೆ. ಶಾಲೆಗಳ ಸಂಖ್ಯೆಯನ್ನು ಕೂಡಬಹುದು. ಶೇಕಡಾವಾರು ಸಾಕ್ಷರತೆಯಾಗಿದ್ದರೆ ಕೂಡುವಂತಿಲ್ಲ, ಜನಸಂಖ್ಯೆಯ ತೂಕ ಕೊಟ್ಟು ಸರಾಸರಿ ತೆಗೆಯಬೇಕು. ಇಷ್ಟರಲ್ಲೂ ಮುಗಿಯಲಿಲ್ಲ. ವಿಜಯನಗರದಲ್ಲಿರುವ ಹರಪನಹಳ್ಳಿ ತಾಲ್ಲೂಕು 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಎರಡನ್ನು ಕೂಡಿದರೂ ಹಳೆಯ ಬಳ್ಳಾರಿ ಸಿಗುವುದಿಲ್ಲ, ಹರಪನಹಳ್ಳಿಯೂ ಸೇರಿಬಿಡುತ್ತದೆ; ಆ ಕಡೆ ದಾವಣಗೆರೆಯ ಅಂಕಿ ತಗ್ಗಿ ಕಾಣುತ್ತದೆ. ತಾಲ್ಲೂಕು ಮಟ್ಟದ ಪಟ್ಟಿ ತಂದು ಹಳೆಯ ಗಡಿಗೆ ಹೊಂದಿಸಬೇಕು, ಇಲ್ಲವೇ ಹೊಸ ಗಡಿಯ ನಕ್ಷೆ ಹುಡುಕಬೇಕು. ಜನಗಣತಿಯ ಜಿಲ್ಲಾ ಸಂಕೇತ ಬಳಸಿ ಜೋಡಿಸಬೇಕು ಎಂದು ಪುಸ್ತಕ ಹೇಳುತ್ತದೆ. ಒಳ್ಳೆಯ ಮಾತೇ, 555ರಿಂದ 584ರವರೆಗಿನ ಸಂಕೇತಗಳಿಂದ ಕಾಗುಣಿತದ ಜಗಳ ಮುಗಿಯುತ್ತದೆ. ಗಡಿಯ ಜಗಳ ಮುಗಿಯುವುದಿಲ್ಲ.

ಇದನ್ನು ವಿಡಿಯೊದಲ್ಲಿ ಹೇಳಿಬಿಡಬಹುದಲ್ಲ? ಹೇಳಬಹುದು. ಕೇಳಿದವರು ತಲೆಯಾಡಿಸುತ್ತಾರೆ, ಮರೆಯುತ್ತಾರೆ. ಚೀಟಿಯಲ್ಲಿ 30 ಎಂದು ಕೈಯಾರೆ ಬರೆದು, ಮೂವತ್ತೂ ತುಂಬಿದ ಸಂತೋಷದಲ್ಲಿ ಹಸಿರು ಚೀಟಿ ಅಂಟಿಸಿ, ಐದು ನಿಮಿಷದ ಮೇಲೆ ಅದನ್ನು ಕಿತ್ತವರು ಮರೆಯುವುದಿಲ್ಲ. ಆಮೇಲೆ ಅವರು ಯಾವ ಪಟ್ಟಿ ಜೋಡಿಸಿದರೂ ಮೊದಲು ಸಾಲು ಎಣಿಸುತ್ತಾರೆ.

ಮಧ್ಯಾಹ್ನದ ಪಾಲಿಗೆ ನಿರ್ದೇಶಾಂಕ ವ್ಯವಸ್ಥೆ. ಊಟವಾದ ಮೇಲೆ, ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಪ್ರಕ್ಷೇಪಣದ ಸಿದ್ಧಾಂತ ಶುರುಮಾಡಿದರೆ ಅರ್ಧ ತರಗತಿ ನಿದ್ದೆಗೆ ಜಾರುತ್ತದೆ, ಹಾಗಾಗಿ ನೇರವಾಗಿ ಬಫರ್ ಕೊಟ್ಟುಬಿಡಿ. ಕೆರೆಯ ಸುತ್ತ 500 ಮೀಟರ್ ವಲಯ ಹಾಕಿ. ಲೇಯರ್ ಡಿಗ್ರಿಯಲ್ಲಿದೆ, ಅಂದರೆ ನಿರ್ದೇಶಾಂಕ ವ್ಯವಸ್ಥೆಗಳ ಇಪಿಎಸ್‌ಜಿ ಪಟ್ಟಿಯಲ್ಲಿ 4326ನೇ ಸಂಕೇತದ್ದು. ಅಲ್ಲಿ 500 ಎಂದು ಹೊಡೆದರೆ 500 ಡಿಗ್ರಿ. ಇಡೀ ಭೂಮಂಡಲವನ್ನೇ ನುಂಗಿದ ಒಂದು ಗುಂಡು ಬರುತ್ತದೆ. ಅಂಕಿಯ ಪಕ್ಕದಲ್ಲಿ ಒಂದು ಪುಟ್ಟ ಹಳದಿ ತ್ರಿಕೋನ ಎಚ್ಚರಿಸುತ್ತಿತ್ತು, ಯಾರೂ ನೋಡಿರುವುದಿಲ್ಲ. ಇದು ಸದ್ದು ಮಾಡುವ ತಪ್ಪು, ಬೇಗ ದಾಟಿ.

ಸದ್ದು ಮಾಡದ್ದು ಇದರ ಪಕ್ಕದಲ್ಲೇ ಇದೆ. ಮೀಟರಿಗೆ ತರಬೇಕೆಂದು ಗೊತ್ತಾದ ಕೂಡಲೇ ಹೊಸಬರು ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಸಿಆರ್‌ಎಸ್’ ಒತ್ತುತ್ತಾರೆ (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ವ್ಯವಸ್ಥೆ). ಅದು ಅಂಕಿಗಳನ್ನು ಬದಲಿಸುವುದಿಲ್ಲ, ಅಂಕಿಗಳ ಮೇಲಿನ ಹೆಸರನ್ನು ಬದಲಿಸುತ್ತದೆ. ಅಕ್ಕಿಯ ಡಬ್ಬಕ್ಕೆ ಸಕ್ಕರೆ ಎಂದು ಚೀಟಿ ಅಂಟಿಸಿದ ಹಾಗೆ. ಅಂಕಿಗಳು ನಿಜವಾಗಿ ಬದಲಾಗಬೇಕಾದರೆ ರೀಪ್ರೊಜೆಕ್ಟ್ ಲೇಯರ್ ಬಳಸಬೇಕು, ಇಲ್ಲವೇ ಎಕ್ಸ್‌ಪೋರ್ಟ್ ಮಾಡುವಾಗ ಹೊಸ ವ್ಯವಸ್ಥೆ ಆರಿಸಬೇಕು. ಕರ್ನಾಟಕದ ಬಹುಭಾಗಕ್ಕೆ ಇಪಿಎಸ್‌ಜಿ 32643, ಅಂದರೆ ಯುಟಿಎಂ ವಲಯ 43 ಉತ್ತರ. ಆ ವಲಯ ಪೂರ್ವದಲ್ಲಿ 78 ಡಿಗ್ರಿಗೆ ಮುಗಿಯುತ್ತದೆ. ಬೆಂಗಳೂರು ಒಳಗಿದೆ; ಕೋಲಾರ, ಕೆಜಿಎಫ್, ಮುಳಬಾಗಿಲು ವಲಯ 44ಕ್ಕೆ ಸೇರುತ್ತವೆ. ಕೋಲಾರದವರು 43ರಲ್ಲೇ ಕೆಲಸ ಮಾಡಿದರೆ ಆಕಾಶ ಕಳಚಿ ಬೀಳುವುದಿಲ್ಲ, ಗಡಿಯಾಚೆ ಅಷ್ಟು ಹತ್ತಿರದಲ್ಲಿ ವ್ಯತ್ಯಾಸ ಅತ್ಯಲ್ಪ. ಆದರೆ ಒಬ್ಬರು 43ರಲ್ಲಿ ಇನ್ನೊಬ್ಬರು 44ರಲ್ಲಿ ಅಳೆದ ಅಂಕಿಗಳನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಬೆರೆಸಿದರೆ ಬಿಡಿಸುವವರ ಗತಿ ದೇವರಿಗೇ ಪ್ರೀತಿ. ಯಾವ ವಲಯ ಎಂಬ ಒಂದು ಕಾಲಮ್ ಹಾಳೆಯಲ್ಲಿ ಇರಲಿ.

ಡಬ್ಬ ಮತ್ತು ಚೀಟಿಯ ಇದೇ ಕಥೆ ಕನ್ನಡದ ದತ್ತಾಂಶದಲ್ಲಿ ಬೇರೆ ವೇಷದಲ್ಲಿ ಬರುತ್ತದೆ, ಮತ್ತು ಇದನ್ನು ಬೇರೆ ದೇಶದ ಪಾಠಕ್ರಮಗಳು ಯಾವುವೂ ಕಲಿಸುವುದಿಲ್ಲ. ಹಳ್ಳಿ ಹೆಸರುಗಳ ಹಳೆಯ ಪಟ್ಟಿಗಳಲ್ಲಿ ಎಷ್ಟೋ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಎಲ್ಲ ಯಂತ್ರಗಳೂ ಒಪ್ಪುವ ಯೂನಿಕೋಡ್ ಸಂಕೇತದಲ್ಲಲ್ಲದೆ, ಟೈಪಾಗಿರುತ್ತವೆ. ಕ್ಯೂಜಿಐಎಸ್‌ನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಒಂದು ಜರ್ಮನ್ ಅಕ್ಷರ ಹೀಗೆ ಸಾಲುಗಟ್ಟುತ್ತವೆ. ಆಗ ಯಾರಾದರೂ ಲೇಬಲ್‌ಗೆ ನುಡಿ ಫಾಂಟ್ ಆರಿಸುತ್ತಾರೆ. ಪರದೆಯಲ್ಲಿ ಕನ್ನಡ ಮುದ್ದಾಗಿ ಮೂಡುತ್ತದೆ. ಒಳಗಿರುವುದು ಇನ್ನೂ ಪೌಂಡ್ ಚಿಹ್ನೆಯೇ. ಯೂನಿಕೋಡ್ ಪಟ್ಟಿಯ ಜೊತೆ ಜೋಡಿಸಲು ಹೋದರೆ ಒಂದು ಹಳ್ಳಿಯೂ ಹೊಂದುವುದಿಲ್ಲ. ಮೊದಲು ಪರಿವರ್ತಕದಲ್ಲಿ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಂದ ಒಮ್ಮೆ ನೋಡಿ, ಆಮೇಲೆ ನಕ್ಷೆಗೆ ತರಬೇಕು.

ಯೂನಿಕೋಡ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಏನಲ್ಲ. ಎಕ್ಸೆಲ್‌ನಿಂದ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಬದಲು ಬರೀ ‘ಸಿಎಸ್‌ವಿ’ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಇದು ಕಾಣುವ ತಪ್ಪು, ಆದರೆ ಮೂಲ ಕಡತ ಉಳಿಸಿಕೊಳ್ಳದಿದ್ದರೆ ಹಿಂದಿರುಗುವ ದಾರಿ ಇಲ್ಲ. ಶೇಪ್‌ಫೈಲಿಗೆ ಹೋದರೆ ಇನ್ನೊಂದು ಪೀಡೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಚಿಕ್ಕಬಳ್ಳಾಪುರ’ ಎಂಬುದರಲ್ಲಿ ಗುಣಿತ, ಒತ್ತು ಎಲ್ಲ ಬಿಡಿಸಿದರೆ ಹದಿಮೂರು ಚಿಹ್ನೆ, ಅಂದರೆ 39 ಬೈಟ್. ಕಾಲಮ್ಮಿನ ಅಗಲ 20 ಎಂದು ಇಟ್ಟವರಿಗೆ ಊರು ಅರ್ಧಕ್ಕೇ ಕಡಿದುಹೋಗುತ್ತದೆ. ಕಾಲಮ್ ಹೆಸರಿಗೂ ಹತ್ತೇ ಅಕ್ಷರದ ಮಿತಿ. ‘ಪಾಪ್ಯುಲೇಷನ್’ ಇಂಗ್ಲಿಷಿನಲ್ಲಿ ಸರಿಯಾಗಿ ಹತ್ತು ಅಕ್ಷರ. ಹಾಗಾಗಿ ಅದರ ಮುಂದೆ 2001, 2011 ಎಂದು ಹೆಸರಿಟ್ಟ ಎರಡು ಕಾಲಮ್ಮುಗಳ ಇಸವಿ ಉದುರಿಹೋಗುತ್ತದೆ, ಯಾವುದು ಯಾವ ವರ್ಷದ್ದು ಎಂದು ಆರು ತಿಂಗಳ ಮೇಲೆ ಹೇಳುವವರಿಲ್ಲ. ಶೇಪ್‌ಫೈಲಿನ ಬದಲು ಜಿಯೋಪ್ಯಾಕೇಜ್ ಎಂಬ ಕಡತ ಬಳಸಿದರೆ ಈ ಎರಡೂ ಕಾಟ ಇಲ್ಲ. ತರಗತಿಯಲ್ಲಿ ಇದಕ್ಕೆ ಹತ್ತು ನಿಮಿಷ ಸಾಕು.

ಇಷ್ಟಾದ ಮೇಲೆ ಪ್ರಮಾಣಪತ್ರ ಹಂಚಿ, ಗುಂಪು ಫೋಟೊ ತೆಗೆದು ಮನೆಗೆ ಹೋಗುವುದು ವಾಡಿಕೆ. ಮಿಶ್ರ ಕಲಿಕೆಯಲ್ಲಿ ಕೊನೆಯ ಭಾಗ ಬಾಕಿ ಇದೆ, ಅದೇ ದುಬಾರಿ ಭಾಗ. ಕೊಟ್ಟ ಶುದ್ಧ ದತ್ತಾಂಶದಲ್ಲಿ ಕಲಿತವರು ತಮ್ಮ ಗಲೀಜು ದತ್ತಾಂಶದ ಮುಂದೆ ಕೂತಾಗ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತಾರೆ. 1,25,000 ಎಂದು ಅಲ್ಪವಿರಾಮ ಹಾಕಿ ಬರೆದ ಜನಸಂಖ್ಯೆಯನ್ನು ತಂತ್ರಾಂಶ ಪಠ್ಯ ಎಂದುಕೊಳ್ಳುತ್ತದೆ. ಬಣ್ಣ ಹಚ್ಚಲು ಗ್ರ್ಯಾಜುಯೇಟೆಡ್ ಆರಿಸಿದರೆ ಕಾಲಮ್ಮೇ ಪಟ್ಟಿಯಲ್ಲಿ ಬರುವುದಿಲ್ಲ. ‘ಅಕ್ಷಾಂಶ’ ಎಂದು ಕನ್ನಡದಲ್ಲಿ ತಲೆಬರಹ ಕೊಟ್ಟರೆ ಎಕ್ಸ್ ಯಾವುದು ವೈ ಯಾವುದು ಎಂದು ತಾನಾಗಿ ಊಹಿಸುವುದಿಲ್ಲ. ಸಣ್ಣ ಸಣ್ಣ ಮುಳ್ಳುಗಳು, ಆದರೆ ಒಂಟಿಯಾಗಿ ಚುಚ್ಚಿಸಿಕೊಂಡವರು ಹಳೆಯ ಎಕ್ಸೆಲ್ಲಿಗೆ ವಾಪಸಾಗುತ್ತಾರೆ.

ಹಾಗಾಗಿ ತರಗತಿಯ ನಂತರ ಮೂರು ವಾರ, ವಾರಕ್ಕೊಂದು ಗಂಟೆ ಆನ್‌ಲೈನ್ ಭೇಟಿ ಇಡಿ. ಅಲ್ಲಿ ಹೊಸ ಪಾಠ ಬೇಡ. ಮೊದಲ ವಾರ ಅರ್ಧ ಮಾಡಿದ ಪ್ರಾಜೆಕ್ಟ್ ಕೊಟ್ಟು ಮುಗಿಸಲು ಹೇಳಿ, ಎರಡನೇ ವಾರ ಹೆಜ್ಜೆಗಳ ಹೆಸರು ಮಾತ್ರ ಕೊಡಿ, ಮೂರನೇ ವಾರ ಅವರದೇ ದತ್ತಾಂಶ, ಅವರದೇ ಪ್ರಶ್ನೆ. ಊರುಗೋಲನ್ನು ಒಮ್ಮೆಗೇ ಕಿತ್ತುಕೊಳ್ಳಬಾರದು. ಸಹಾಯ ಕೇಳುವ ರೀತಿಯೂ ಪಾಠದ ಭಾಗವೇ. ‘ಸರ್, ಮ್ಯಾಪ್ ಬರ್ತಿಲ್ಲ’ ಎಂಬ ವಾಟ್ಸಾಪ್ ಸಂದೇಶಕ್ಕೆ ಉತ್ತರ ಕೊಡಬೇಡಿ. ಏನು ಮಾಡಲು ಹೊರಟಿದ್ದರು, ಯಾವ ಗುಂಡಿ ಒತ್ತಿದರು, ಏನು ಬರಬೇಕಿತ್ತು, ಏನು ಬಂತು, ಆವೃತ್ತಿ ಯಾವುದು. ಜೊತೆಗೆ ಐದಾರು ಸಾಲಿನ ಮಾದರಿ ಕಡತ. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸುವುದು ಬೇಡ. ಇಷ್ಟು ಬರೆಯುವಷ್ಟರಲ್ಲಿ ಅರ್ಧ ಜನಕ್ಕೆ ಉತ್ತರ ತಮಗೇ ಹೊಳೆದಿರುತ್ತದೆ.

ಪರೀಕ್ಷೆ ಇಡಬೇಕೆಂದಿದ್ದರೆ ಬಹು ಆಯ್ಕೆಯ ಪ್ರಶ್ನೆಗಳು ಬೇಡ. ಯುಟಿಎಂನ ವಿಸ್ತೃತ ರೂಪ ಗೊತ್ತಿದ್ದವರು ಕನಕಪುರದ ಚುಕ್ಕೆಯನ್ನು ಹಿಡಿಯುತ್ತಾರೆಂದೇನೂ ಇಲ್ಲ. ಇನ್ನೂರು ಕೊಳವೆಬಾವಿಗಳ ಒಂದು ಸಿಎಸ್‌ವಿ ಕೊಡಿ, ನಾಲ್ಕು ಜನ ಕ್ಷೇತ್ರ ಸಿಬ್ಬಂದಿ ತಮ್ಮ ತಮ್ಮ ಫೋನಿನಲ್ಲಿ ದಾಖಲಿಸಿದ ಹಾಗೆ. ಮೂವರ ಫೋನ್ ದಶಮಾಂಶ ಡಿಗ್ರಿ ತೋರಿಸುತ್ತಿತ್ತು, ಒಬ್ಬರದು ಡಿಗ್ರಿ ಮತ್ತು ನಿಮಿಷ; ಅವರು ನಿಮಿಷವನ್ನು ದಶಮಾಂಶ ಚುಕ್ಕೆಯ ನಂತರ ಬರೆದುಕೊಂಡಿದ್ದಾರೆ. ಎಲ್ಲ ಇನ್ನೂರು ಚುಕ್ಕೆಗಳೂ ಕರ್ನಾಟಕದೊಳಗೇ ಬೀಳುತ್ತವೆ. ಪ್ರಶ್ನೆ ಇಷ್ಟೇ: ಈ ಕಡತವನ್ನು ನಂಬಬಹುದೇ?

ಹಿಡಿಯುವ ದಾರಿ ನಕ್ಷೆಯಲ್ಲಿಲ್ಲ, ಕಾಲಮ್ಮಿನಲ್ಲಿದೆ. ಪ್ರತಿ ಸಿಬ್ಬಂದಿಯ ಸಾಲುಗಳನ್ನು ಬೇರೆ ಮಾಡಿ, ಚುಕ್ಕೆಯ ನಂತರದ ಎರಡು ಅಂಕಿಗಳನ್ನು ಮಾತ್ರ ನೋಡಬೇಕು. ಮೂವರಲ್ಲಿ ಅವು 00ರಿಂದ 99ರವರೆಗೆ ಹರಡಿರುತ್ತವೆ. ನಾಲ್ಕನೆಯವರ ಐವತ್ತು ಬಾವಿಗಳಲ್ಲಿ ಒಂದೂ 59 ದಾಟಿರುವುದಿಲ್ಲ. ಗಂಟೆಗೆ ಅರವತ್ತೇ ನಿಮಿಷ, ಡಿಗ್ರಿಗೂ ಅಷ್ಟೇ. ಸಿಕ್ಕಿದ ಮೇಲೆ ತಿದ್ದುವುದು ಫೀಲ್ಡ್ ಕ್ಯಾಲ್ಕ್ಯುಲೇಟರಿನಲ್ಲಿ ಒಂದು ಸಾಲಿನ ಕೆಲಸ: ಪೂರ್ಣಾಂಕವನ್ನು ಹಾಗೇ ಬಿಟ್ಟು, ಚುಕ್ಕೆಯ ನಂತರದ ಭಾಗವನ್ನು ನೂರರಿಂದ ಗುಣಿಸಿ ಅರವತ್ತರಿಂದ ಭಾಗಿಸಿ ಕೂಡಿದರೆ 12.58 ಮತ್ತೆ 12.967 ಆಗಿ ಬಾವಿ ಬೆಂಗಳೂರಿಗೆ ಮರಳುತ್ತದೆ. ಆದರೂ ಆ ಸಾಲುಗಳಿಗೆ ಕೆಂಪು ಗುರುತು ಹಾಕಿಡಬೇಕು. ಅವರು ಸೆಕೆಂಡುಗಳನ್ನು ಬರೆದುಕೊಂಡಿಲ್ಲ, ಅಕ್ಷಾಂಶದ ಒಂದು ನಿಮಿಷವೆಂದರೆ ಹೆಚ್ಚುಕಡಿಮೆ 1.85 ಕಿಲೋಮೀಟರ್, ಮತ್ತು ಆ ಐವತ್ತು ಬಾವಿಗಳ ಹತ್ತಿರಕ್ಕೆ ಯಾರಾದರೂ ಇನ್ನೊಮ್ಮೆ ಫೋನ್ ಹಿಡಿದು ಹೋಗಲೇಬೇಕು.